ಬೇಡವೆಂದ ಗಿಟಾರ್, ಬೇಡವೆನ್ನಬೇಕಿದ್ದ ಗಿಟಾರ್

ಎಲೆಕ್ಟ್ರಿಕ್ ಗಿಟಾರ್‌ಗಳ ದುರಸ್ತಿ ಮತ್ತು ಸೆಟಪ್ ಮಾಡುವ ನನ್ನಂಥವರ ಬಳಿ ಜನ ಎರಡು ಬಗೆಯ ದೂರುಗಳನ್ನು ಹೇಳಿಕೊಳ್ಳುತ್ತಾರೆ. ಅಂಗಡಿಯಲ್ಲಿ ನುಡಿಸಿ ನೋಡಿ ಬೇಡವೆಂದು ಬಿಟ್ಟುಬಂದ ವಾದ್ಯದ ಮೇಲಿನ ದೂರು ಒಂದು; ಮೆಚ್ಚಿ ಕೊಂಡುತಂದು, ಕೆಲವು ತಿಂಗಳಲ್ಲೇ ಮೂಲೆಗೆ ಒರಗಿಸಿದ ವಾದ್ಯದ ಮೇಲಿನದು ಇನ್ನೊಂದು. ಬಿಟ್ಟುಬಂದವರು ಕೊಡುವ ಕಾರಣಗಳಲ್ಲಿ ಬಹುಪಾಲು ಒಂದು ಸ್ಕ್ರೂಡ್ರೈವರ್, ಒಂದು ಅಲೆನ್ ಕೀಲಿ ಮತ್ತು ಒಂದು ಸಣ್ಣ ಅರದಿಂದ ಸರಿಹೋಗುವಂಥವು. ಮೂಲೆಗೆ ಒರಗಿಸಿದವರ ದೂರುಗಳಲ್ಲಿ ಬಹುಪಾಲಿಗೆ ನನ್ನ ಬಳಿ ಮದ್ದಿಲ್ಲ, ಏಕೆಂದರೆ ಅವು ಕಾರ್ಖಾನೆಯಲ್ಲಿ ಮರ ಕೊಯ್ದಾಗಲೇ ತೀರ್ಮಾನವಾಗಿಹೋದ ಸಂಗತಿಗಳು. ಎದುರಿಗೆ ಕುಳಿತವರಿಗೆ ಇದನ್ನು ಹೇಳಿ ಹೇಳಿ ಬಾಯಿ ಒಣಗಿರುವುದರಿಂದ ಈಗ ಬರೆದು ಹೇಳುತ್ತಿದ್ದೇನೆ.

ಗೋಡೆಗೆ ತೂಗುಹಾಕಿದ ಗಿಟಾರನ್ನು ಇಳಿಸಿಕೊಂಡು ನುಡಿಸುವವರಿಗೆ ಮೊದಲ ಐದು ನಿಮಿಷದಲ್ಲಿ ಬೇಸರ ತರಿಸುವುದು ತಂತಿಗಳ ಎತ್ತರ, ಬೆರಳಿಗೆ ಆಗುವ ನೋವು, ಬೆರಳೊತ್ತುವ ಹಲಗೆಗೆ ಅಡ್ಡಲಾಗಿ ಕೂರಿಸಿದ ಫ್ರೆಟ್ ಎಂಬ ಲೋಹದ ಪಟ್ಟಿಗಳಲ್ಲಿ ಯಾವುದೋ ಒಂದರಲ್ಲಿ ಕೇಳುವ ಝರ್ರೆಂಬ ಸದ್ದು, ಮತ್ತು ನಿಲ್ಲದ ಶ್ರುತಿ. ಈ ನಾಲ್ಕೂ ಆ ಗಿಟಾರಿನ ಇವತ್ತಿನ ಸ್ಥಿತಿಯನ್ನು ತಿಳಿಸುತ್ತವೆಯೇ ಹೊರತು ಅದು ಎಂಥ ಗಿಟಾರ್ ಎಂಬುದನ್ನಲ್ಲ. ವಾದ್ಯ ಒಂದು ಹವೆಯಲ್ಲಿ ತಯಾರಾಗಿ ಇನ್ನೊಂದು ಹವೆಗೆ ಬಂದಿರುತ್ತದೆ; ತೇವ ಏರಿಳಿದಂತೆ ಮರ ಉಬ್ಬುತ್ತದೆ, ಕುಗ್ಗುತ್ತದೆ, ತಂತಿಗಳ ಎಳೆತಕ್ಕೆ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ಒಂದಿಷ್ಟು ಬಾಗುತ್ತದೆ. ಹೀಗಾಗುತ್ತದೆಂದು ತಿಳಿದೇ ನೆಕ್‌ನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಕೂರಿಸಿರುತ್ತಾರೆ. ಗಿಬ್ಸನ್ ಕಂಪನಿ 1920ರ ದಶಕದ ಆರಂಭದಿಂದಲೂ ಹೊಂದಿಸಬಲ್ಲ ಟ್ರಸ್ ರಾಡನ್ನು ಬಳಸುತ್ತಿದೆ. ಅದನ್ನು ಕಾಲು ಸುತ್ತು ತಿರುಗಿಸಿ, ಗಿಟಾರಿನ ಮೈಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಎಂಬ ತುಣುಕುಗಳನ್ನು ಏರಿಸಿ ಇಳಿಸಿದರೆ, ಹಲ್ಲು ಕಚ್ಚಿ ಒತ್ತಬೇಕಿದ್ದ ತಂತಿ ಮೃದುವಾಗುತ್ತದೆ. ಹನ್ನೆರಡನೇ ಫ್ರೆಟ್‌ನ ಮೇಲೆ ಸಣ್ಣ ತಂತಿ ಸುಮಾರು 1.5 ಮಿಲಿಮೀಟರ್, ದಪ್ಪ ತಂತಿ ಸುಮಾರು 2 ಮಿಲಿಮೀಟರ್ ಎತ್ತರದಲ್ಲಿದ್ದರೆ ಹೆಚ್ಚಿನವರಿಗೆ ಒಗ್ಗುತ್ತದೆ. ಜೋರಾಗಿ ಮೀಟುವವರಿಗೂ ಬೆರಳಿಗೆ ಸ್ಲೈಡ್ ಎಂಬ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುವವರಿಗೂ ಇನ್ನಷ್ಟು ಎತ್ತರ ಬೇಕಾದೀತು, ಆದ್ದರಿಂದ ಈ ಅಳತೆಯನ್ನು ಶಾಸನವೆಂದು ಯಾರೂ ತಿಳಿಯಬಾರದು.

ಶ್ರುತಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಒಳ್ಳೆಯ ಗಿಟಾರ್‌ಗಳು ತಿರಸ್ಕಾರಕ್ಕೆ ಗುರಿಯಾಗುವುದು ಇದೊಂದರಿಂದಲೇ. ಶ್ರುತಿ ಜಾರಿತೆಂದರೆ ಎಲ್ಲರ ಬೆರಳೂ ಬಿರಡೆಯತ್ತ ಹೋಗುತ್ತದೆ. ಬಿರಡೆಯ ಒಳಗಿರುವುದು ವರ್ಮ್ ಗಿಯರ್. ಹಿಡಿ ತಿರುಗಿಸಿದರೆ ಕಂಬ ತಿರುಗುತ್ತದೆ, ಆದರೆ ತಂತಿ ಕಂಬವನ್ನು ಎಷ್ಟೇ ಎಳೆದರೂ ಹಿಡಿ ಹಿಂದಕ್ಕೆ ತಿರುಗುವುದಿಲ್ಲ. ಹಲ್ಲುಗಳು ಸವೆದಿದ್ದರೆ, ತಿರುಪು ಸಡಿಲವಾಗಿದ್ದರೆ ಮಾತು ಬೇರೆ, ಅದು ಅಪರೂಪ. ಸಾಮಾನ್ಯವಾಗಿ ತಪ್ಪಿತಸ್ಥ ಕುಳಿತಿರುವುದು ನೆಕ್‌ನ ತುದಿಯಲ್ಲಿ, ತಂತಿಗಳು ಹಾದುಹೋಗುವ ನಟ್ ಎಂಬ ಚಿಕ್ಕ ಪಟ್ಟಿಯ ಗಾಡಿಗಳಲ್ಲಿ, ಅಂದರೆ ತಂತಿ ಕೂರಲು ಕೊರೆದ ಸಣ್ಣ ತೋಡುಗಳಲ್ಲಿ. ಗಾಡಿ ಇಕ್ಕಟ್ಟಾಗಿದ್ದರೆ ತಂತಿ ಅಲ್ಲಿ ಸಿಕ್ಕಿಬೀಳುತ್ತದೆ. ತಂತಿಯನ್ನು ಬೆಂಡ್ ಮಾಡಿದಾಗ, ಅಂದರೆ ಸ್ವರ ಏರಿಸಲು ಪಕ್ಕಕ್ಕೆ ಎಳೆದಾಗ, ಬಿರಡೆಯ ಕಡೆಯಿಂದ ಒಂದೆಳೆಯಷ್ಟು ತಂತಿ ಈಚೆಗೆ ಜಾರಿ ಬರುತ್ತದೆ, ಬಿಟ್ಟಾಗ ಆಚೆಗೆ ಮರಳುವುದಿಲ್ಲ. ಸ್ವರ ತುಸು ಇಳಿದೇ ನಿಲ್ಲುತ್ತದೆ. ಆಗ ನಟ್‌ನ ಹಿಂಬದಿಯಲ್ಲಿ ತಂತಿಯನ್ನು ಬೆರಳಿನಿಂದ ಒಮ್ಮೆ ಅದುಮಿ ನೋಡಿ. ಸ್ವರ ತಟ್ಟನೆ ತನ್ನ ಜಾಗಕ್ಕೆ ಏರಿದರೆ ರೋಗ ಎಲ್ಲಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಶ್ರುತಿ ಮಾಡುವಾಗ ಬಿರಡೆ ತಿರುಗಿಸಿದರೂ ಸ್ವರ ಕದಲದೆ, ಆಮೇಲೆ ‘ಟಿಂಗ್’ ಎಂದು ಒಮ್ಮೆಲೇ ಹಾರುವುದೂ ಇದೇ ರೋಗದ ಲಕ್ಷಣ. ಬಿರಡೆಗಳನ್ನು ಕೂರಿಸುವ ತಲೆಯ ಎರಡೂ ಬದಿಗೆ ಮೂರು ಮೂರು ಬಿರಡೆಗಳಿರುವ ಗಿಟಾರ್‌ಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ತಂತಿಗಳು ನಟ್ ದಾಟಿದೊಡನೆ ಪಕ್ಕಕ್ಕೆ ಹೊರಳಬೇಕಾದುದರಿಂದ ಅಲ್ಲಿ ಈ ಕಾಟ ಹೆಚ್ಚು.

ಒಬ್ಬ ಹುಡುಗ ಹೀಗೆಯೇ ಶ್ರುತಿ ನಿಲ್ಲದ ಒಂದು ಗಿಟಾರನ್ನು ಮಾರಿಬಿಡಲು ನಿಶ್ಚಯಿಸಿ, ಮಾರುವ ಮೊದಲು ಒಮ್ಮೆ ನೋಡಿಬಿಡಿ ಎಂದು ತಂದಿದ್ದ. ಅದಕ್ಕೆ ಆಗಲೇ ತಂತಿಯನ್ನು ಕಚ್ಚಿ ಹಿಡಿಯುವ ದುಬಾರಿ ಲಾಕಿಂಗ್ ಬಿರಡೆಗಳನ್ನು ಹಾಕಿಸಿದ್ದ. ಅವನ್ನು ಕೂರಿಸಲು ತಲೆಯ ಹಿಂದೆ ಹೊಸ ತೂತುಗಳನ್ನೂ ಕೊರೆಸಿದ್ದ. ಮೂರನೇ ತಂತಿಯ ಗಾಡಿಯನ್ನು ಅರದಿಂದ ನಾಲ್ಕು ಸಲ ಉಜ್ಜಿ, ಪೆನ್ಸಿಲ್ಲಿನ ಮೊನೆಯಿಂದ ಒಂದಿಷ್ಟು ಗ್ರಾಫೈಟ್ ಸವರಿದ ಮೇಲೆ ಅವನು ಅದೇ ತಂತಿಯನ್ನು ಎಳೆದು ಎಳೆದು ನೋಡಿದ, ಸ್ವರ ಅಲುಗಲಿಲ್ಲ. ಅವನ ಮುಖದಲ್ಲಿ ಸಂತೋಷಕ್ಕಿಂತ ಸಿಟ್ಟು ಹೆಚ್ಚಿತ್ತು, ಮತ್ತು ಆ ಸಿಟ್ಟು ಬಿರಡೆ ಮಾರಿದವನ ಮೇಲಿತ್ತೋ ನನ್ನ ಮೇಲಿತ್ತೋ ತಿಳಿಯಲಿಲ್ಲ.

ನಟ್‌ನ ಇನ್ನೊಂದು ಪಾಪವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಾಡಿಗಳ ಆಳ ಸಾಲದಿದ್ದರೆ ಮೊದಲ ಫ್ರೆಟ್‌ಗಳಲ್ಲಿ ತಂತಿ ಎತ್ತರವಾಗಿರುತ್ತದೆ. ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒಟ್ಟಿಗೆ ಒತ್ತುವ ಎಫ್ ಕಾರ್ಡ್ ಹಿಡಿಯುವವರು ಬೆವರುತ್ತಾರೆ, ಒತ್ತುವ ಭರದಲ್ಲಿ ತಂತಿ ಎಳೆಯಲ್ಪಟ್ಟು ಸ್ವರವೂ ಏರಿಬಿಡುತ್ತದೆ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಮೊದಲ ಫ್ರೆಟ್‌ನ ಮೇಲೆ ಎಷ್ಟು ಸಂದಿದೆ ಎಂದು ನೋಡಿ. ಅಲ್ಲಿ ಕಂಡೂ ಕಾಣದಷ್ಟು ಮಾತ್ರ ಬೆಳಕು ಹಾಯಬೇಕು. ಅದಕ್ಕಿಂತ ಹೆಚ್ಚಿದ್ದರೆ ಗಾಡಿ ಇಳಿಸುವ ಕೆಲಸ ಬಾಕಿಯಿದೆ ಎಂದಷ್ಟೇ ಅರ್ಥ, ನಿಮ್ಮ ಬೆರಳುಗಳಲ್ಲಿ ಶಕ್ತಿಯಿಲ್ಲವೆಂದಲ್ಲ. ಇದನ್ನು ಅರಿಯದೆ ಗಿಟಾರ್ ಕಲಿಕೆಯನ್ನೇ ಕೈಬಿಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಬದಲಾಗದ ಸಂಗತಿಗಳಿಗೆ ಬರೋಣ. ನೆಕ್‌ನ ಬೆನ್ನಿನ ಆಕಾರ, ಅದರ ಅಗಲ, ಬೆರಳೊತ್ತುವ ಹಲಗೆಯಾದ ಫ್ರೆಟ್‌ಬೋರ್ಡಿನ ಉಬ್ಬು, ತಂತಿಯ ಉದ್ದ: ಇವನ್ನು ವಿಚಾರಿಸಿ ಕೊಳ್ಳುವವರು ಕಡಿಮೆ, ವಿಚಾರಿಸುವವರೂ ಅಂಕಿ ಓದಿ ನಿರ್ಧರಿಸುತ್ತಾರೆ, ಕೈಯಲ್ಲಿ ಹಿಡಿದು ನಿರ್ಧರಿಸುವುದಿಲ್ಲ. ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ ಫೆಂಡರ್ ಸ್ಟ್ರಾಟೋಕಾಸ್ಟರ್‌ನಲ್ಲಿ 25.5 ಇಂಚು, ಗಿಬ್ಸನ್ ಲೆಸ್ ಪಾಲ್‌ನಲ್ಲಿ ಸುಮಾರು 24.75 ಇಂಚು. ಮುಕ್ಕಾಲು ಇಂಚು ಏನು ಮಹಾ ಎನಿಸಬಹುದು. ಆದರೆ ಅದೇ ದಪ್ಪದ ತಂತಿಯನ್ನು ಅದೇ ಸ್ವರಕ್ಕೆ ಏರಿಸಿದಾಗ ಉದ್ದನೆಯದರಲ್ಲಿ ಎಳೆತ ಶೇಕಡಾ 6ರಷ್ಟು ಹೆಚ್ಚಿರುತ್ತದೆ, ಫ್ರೆಟ್‌ಗಳ ನಡುವಿನ ಅಂತರವೂ ಹಿಗ್ಗುತ್ತದೆ. ಚಿಕ್ಕ ಕೈಯವರಿಗೆ ಇದು ದಿನವೂ ತಟ್ಟುವ ವ್ಯತ್ಯಾಸ. ಎಳೆತವನ್ನು ಸಣ್ಣ ತಂತಿ ಹಾಕಿ ತಗ್ಗಿಸಬಹುದು, ಅಂತರವನ್ನು ತಗ್ಗಿಸಲಾಗದು.

ಫ್ರೆಟ್‌ಬೋರ್ಡಿನ ಉಬ್ಬಿನ ಬಗ್ಗೆ ಹರಡಿರುವ ಭಯ ಅರ್ಧ ನಿಜ. ಹಳೆಯ ಮಾದರಿಯ ಫೆಂಡರ್‌ಗಳಲ್ಲಿ ಈ ಉಬ್ಬು 7.25 ಇಂಚು ತ್ರಿಜ್ಯದ್ದು, ಅಂದರೆ ಸಾಕಷ್ಟು ಗುಂಡಗಿನದು. ಗಿಬ್ಸನ್‌ಗಳಲ್ಲಿ ಸಾಮಾನ್ಯವಾಗಿ 12 ಇಂಚಿನದು, ಹೆಚ್ಚು ಚಪ್ಪಟೆ. ಗುಂಡಗಿನ ಬೋರ್ಡಿನಲ್ಲಿ ತಂತಿಯನ್ನು ತೀರ ತಗ್ಗಿಸಿಟ್ಟು ಮೇಲಿನ ಫ್ರೆಟ್‌ಗಳಲ್ಲಿ ದೊಡ್ಡ ಬೆಂಡ್ ಎಳೆದರೆ, ತಂತಿ ಉಬ್ಬಿನ ನೆತ್ತಿಯತ್ತ ಸಾಗಿ ಮುಂದಿನ ಫ್ರೆಟ್ಟಿಗೆ ತಾಗಿ ಸ್ವರ ಸತ್ತುಹೋಗುತ್ತದೆ. ಹಾಗೆ ನುಡಿಸುವವರು ಅದನ್ನು ಬೇಡವೆನ್ನುವುದು ನ್ಯಾಯವೇ. ಆದರೆ ಕಾರ್ಡ್‌ಗಳನ್ನೇ ಹೆಚ್ಚಾಗಿ ಹಿಡಿಯುವವರು, ಹೆಬ್ಬೆರಳನ್ನು ನೆಕ್‌ನ ಮೇಲಿನಿಂದ ಬಳಸಿ ಆರನೇ ತಂತಿ ಒತ್ತುವವರು, ಎಲ್ಲೋ ಓದಿದ ಒಂದು ಅಂಕಿಗೆ ಹೆದರಿ ತಮ್ಮ ಕೈಗೆ ಹೇಳಿ ಮಾಡಿಸಿದಂತಿದ್ದ ನೆಕ್ ಬಿಟ್ಟುಬರುವುದನ್ನು ನೋಡಿದರೆ ಏನೆನ್ನಬೇಕು? ನೆಕ್‌ನ ಬೆನ್ನಿಗಂತೂ ಅಂಕಿಯೇ ಸಾಲದು. ಒಂದೇ ದಪ್ಪದ ಎರಡು ನೆಕ್‌ಗಳಲ್ಲಿ ಒಂದಕ್ಕೆ ಬೆನ್ನಿನ ಎರಡೂ ಬದಿಯ ಭುಜಗಳು ತುಂಬಿಕೊಂಡಿರುತ್ತವೆ, ಇನ್ನೊಂದಕ್ಕೆ ಇಳಿದಿರುತ್ತವೆ. ಅಂಗೈಗೆ ಅವು ಬೇರೆ ಬೇರೆ ವಾದ್ಯಗಳು. ಕುಳಿತು ಕನಿಷ್ಠ ಕಾಲು ಗಂಟೆ ನುಡಿಸಿ, ಹೆಬ್ಬೆರಳಿನ ಬುಡದಲ್ಲಿ ದಣಿವು ಕಾಣಿಸಿಕೊಳ್ಳುತ್ತದೆಯೇ ಎಂದು ಗಮನಿಸಿ. ಕಾಣಿಸಿಕೊಂಡರೆ ಆ ಗಿಟಾರಿನ ಬಣ್ಣ ಎಷ್ಟೇ ಚೆಂದವಿರಲಿ, ಬಿಟ್ಟುಬನ್ನಿ. ನೆಕ್‌ನ ಹೊಳಪಿನ ಲೇಪ ಬೆವರಿಗೆ ಅಂಟುತ್ತದೆ ಎಂಬುದು ಮಾತ್ರ ಕಾರಣವಾಗಬಾರದು. ಅತಿ ನಯವಾದ ಸ್ಟೀಲ್ ವುಲ್‌ನಿಂದ ನಾಲ್ಕು ಸಲ ಉಜ್ಜಿದರೆ ಅದು ಹೋಗುತ್ತದೆ.

ತೂಕವನ್ನು ನಿಂತು ನೋಡಬೇಕು, ಪಟ್ಟಿ ಹಾಕಿಕೊಂಡು. ಕುಳಿತಾಗ ತೊಡೆ ಹೊರುವ ನಾಲ್ಕೂವರೆ ಕಿಲೋ, ನಿಂತಾಗ ಒಂದೇ ಭುಜದ ಮೇಲೆ ಬೀಳುತ್ತದೆ. ತೂಕಕ್ಕಿಂತ ಸಮತೋಲ ಇನ್ನೂ ಕಷ್ಟದ್ದು. ಗಿಬ್ಸನ್ ಎಸ್‌ಜಿಯಂಥ ತೆಳು ಮೈಯ, ನೆಕ್ ಹೊರಚಾಚಿದ ಗಿಟಾರ್‌ಗಳಲ್ಲಿ ಎಡಗೈ ತೆಗೆದೊಡನೆ ತಲೆ ನೆಲದತ್ತ ವಾಲುವುದುಂಟು. ಒರಟು ಚರ್ಮದ ಅಗಲ ಪಟ್ಟಿ ಒಂದಷ್ಟು ಹಿಡಿದಿಡುತ್ತದೆ, ಪೂರ್ತಿ ಅಲ್ಲ. ಎಡಗೈ ನೆಕ್ಕನ್ನು ಎತ್ತಿ ಹಿಡಿಯುವುದರಲ್ಲೇ ಸೋತರೆ ನುಡಿಸುವುದೇನು?

ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳಲ್ಲಿ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಗುಂಯ್‌ಗುಡುತ್ತದೆ ಎಂಬ ದೂರಿಗೆ ಚಿಕ್ಕ ಉತ್ತರ ಸಾಕು: ಅದು ಗುಂಯ್‌ಗುಡಲೇಬೇಕು. ಸುತ್ತಲಿನ ವಿದ್ಯುತ್ ತಂತಿಗಳ, ಟ್ರಾನ್ಸ್‌ಫಾರ್ಮರ್‌ಗಳ ಕಾಂತಕ್ಷೇತ್ರವನ್ನು ಆ ಸುರುಳಿ ಎತ್ತಿಕೊಳ್ಳುತ್ತದೆ. ಆ ಸದ್ದನ್ನು ಪರಸ್ಪರ ಅಳಿಸಿಹಾಕುವಂತೆ ಎರಡು ಸುರುಳಿಗಳನ್ನು ಜೋಡಿಸಿದ ಹಂಬಕರ್‌ಗೆ ಗಿಬ್ಸನ್‌ನ ಸೇತ್ ಲವರ್ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಆದರೂ ಸಿಂಗಲ್ ಕಾಯಿಲ್ ಉಳಿದಿರುವುದು ಅದರ ನಾದವನ್ನು ಬೇಕೆನ್ನುವವರು ಇರುವುದರಿಂದ. ತಂತಿ ಮುಟ್ಟಿದಾಗ ಸದ್ದು ಕುಗ್ಗಿದರೆ ಅರ್ತಿಂಗ್ ಸರಿಯಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಹೆಚ್ಚಿದರೆ ಒಳಗಿನ ವೈರಿಂಗ್ ತೋರಿಸಿ.

ಫ್ಲಾಯ್ಡ್ ರೋಸ್ ಮಾದರಿಯ ತೇಲುವ ಟ್ರೆಮೊಲೊವನ್ನು, ಅಂದರೆ ಹಿಡಿ ಒತ್ತಿ ಸ್ವರ ಏರಿಳಿಸುವ ಅಲುಗುವ ಬ್ರಿಡ್ಜನ್ನು, ಕಂಡರೆ ಜನ ಮಾರು ದೂರ ಸರಿಯುತ್ತಾರೆ, ಮತ್ತು ಕೊಡುವ ಕಾರಣ ಶ್ರುತಿ ನಿಲ್ಲುವುದಿಲ್ಲ ಎಂಬುದೇ. ಇದಕ್ಕಿಂತ ತಲೆಕೆಳಗಾದ ಮಾತು ಇನ್ನೊಂದಿಲ್ಲ. ಅದು ತಂತಿಯನ್ನು ನಟ್‌ನಲ್ಲೂ ಬ್ರಿಡ್ಜ್‌ನಲ್ಲೂ ಬಿಗಿದು ಬೀಗ ಹಾಕುವುದರಿಂದ, ಮೇಲೆ ಹೇಳಿದ ಸಿಕ್ಕಿಬೀಳುವ ರೋಗಕ್ಕೆ ಅಲ್ಲಿ ಎಡೆಯೇ ಇಲ್ಲ. ಸರಿಯಾಗಿ ಹೊಂದಿಸಿದ ಒಂದು ಫ್ಲಾಯ್ಡ್ ರೋಸ್ ಶ್ರುತಿಯ ವಿಷಯದಲ್ಲಿ ಹಟಮಾರಿ. ಅದನ್ನು ಬೇಡವೆನ್ನಲು ನಿಜವಾದ ಕಾರಣ ಬೇರೆ. ಹಿಂಬದಿಯ ಸ್ಪ್ರಿಂಗ್‌ಗಳು ಆರೂ ತಂತಿಗಳ ಒಟ್ಟು ಎಳೆತಕ್ಕೆ ಸರಿದೂಗುತ್ತಿರುತ್ತವೆ. ಒಂದು ತಂತಿ ತುಂಡಾದರೆ ಉಳಿದ ಐದೂ ಏರುತ್ತವೆ. ಆರನೆಯದನ್ನು ಡ್ರಾಪ್ ಡಿ ಎಂಬ ತಗ್ಗಿನ ಶ್ರುತಿಗೆ ಇಳಿಸಿದರೂ ಅಷ್ಟೇ. ತಂತಿಯ ದಪ್ಪ ಬದಲಿಸಿದರೆ ಸ್ಪ್ರಿಂಗನ್ನೂ ಹೊಸದಾಗಿ ಹೊಂದಿಸಬೇಕು. ಹಾಡಿಗೊಂದು ಶ್ರುತಿ ಬದಲಿಸುವ ನನ್ನ ಒಬ್ಬ ಗಿರಾಕಿ ಇಂಥದೊಂದನ್ನು ನೋಟಕ್ಕೆ ಮಾರುಹೋಗಿ ಕೊಂಡರು. ಕೊನೆಗೆ ಬ್ರಿಡ್ಜ್ ಅಲುಗದಂತೆ ಹಿಂದೆ ಒಂದು ಮರದ ಬಿಲ್ಲೆ ಕೂರಿಸಿಕೊಟ್ಟೆ. ಟ್ರೆಮೊಲೊಗೆಂದು ಹಣ ತೆತ್ತು ಅದನ್ನು ಆಡದಂತೆ ಮಾಡಿಸಿಕೊಂಡರು, ಆದರೂ ಇವತ್ತಿಗೂ ಅದೇ ಗಿಟಾರ್ ಹಿಡಿದು ಸಂತೋಷದಿಂದಿದ್ದಾರೆ.

ಕೆಲವು ಸಣ್ಣ ಬೇಸರಗಳು ನುಡಿಸುವವರ ಅಭ್ಯಾಸಕ್ಕೆ ಬಿಟ್ಟವು. ಸ್ಟ್ರಾಟೋಕಾಸ್ಟರ್‌ನ ವಾಲ್ಯೂಮ್ ನಾಬ್ ಮೀಟುವ ಕೈಗೆ ತೀರ ಹತ್ತಿರ. ಒಬ್ಬರ ಕೈ ಅದಕ್ಕೆ ತಾಗಿ ಸದ್ದು ಇಳಿಯುತ್ತದೆ, ಇನ್ನೊಬ್ಬರು ಅದನ್ನೇ ಕಿರುಬೆರಳಿನಿಂದ ತಿರುಗಿಸಿ ಸ್ವರವನ್ನು ಅರಳಿಸುತ್ತಾರೆ. ಒಳಗೇ ಸದ್ದು ವರ್ಧಿಸುವ ಸರ್ಕ್ಯೂಟ್ ಇರುವ ಆಕ್ಟಿವ್ ಪಿಕಪ್‌ಗೆ 9 ವೋಲ್ಟ್ ಬ್ಯಾಟರಿ ಬೇಕೆಂಬುದು ಹಲವರಿಗೆ ಕಿರಿಕಿರಿ. ನುಡಿಸಿದ ಮೇಲೆ ಕೇಬಲ್ ಕಿತ್ತಿಟ್ಟರೆ ಅದು ಬಹಳ ಕಾಲ ಬಾಳುತ್ತದೆ, ಏಕೆಂದರೆ ಅಲ್ಲಿ ಕೇಬಲ್ ಸಿಕ್ಕಿಸುವ ಜ್ಯಾಕೇ ಸ್ವಿಚ್. ತಲೆಯ ಆಕಾರ ಹಿಡಿಸಲಿಲ್ಲ ಎನ್ನುವವರ ಜತೆ ನಾನು ವಾದಿಸುವುದಿಲ್ಲ. ನೋಡಲು ಮನಸ್ಸಾಗದ ಗಿಟಾರನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ಬಳಸಿದ ಗಿಟಾರ್ ಕೊಳ್ಳುವವರು, ಮಿಕ್ಕೆಲ್ಲ ಹಿಡಿಸಿದ ಮೇಲೆ, ಟ್ರಸ್ ರಾಡ್ ಎರಡೂ ಕಡೆಗೆ ತುಸು ತಿರುಗುತ್ತದೆಯೇ ಎಂದು ಮಾರುವವರಿಂದಲೇ ತಿರುಗಿಸಿ ತೋರಿಸಿಕೊಳ್ಳಬೇಕು. ಬಲ ಹಾಕಿದರೆ ಮುರಿಯುವ ವಸ್ತುವಾದ್ದರಿಂದ ನೀವಾಗಿ ಕೈ ಹಾಕಬೇಡಿ. ಅದು ಕೊನೆಯವರೆಗೆ ಬಿಗಿದುಹೋಗಿದ್ದು ನೆಕ್ ಇನ್ನೂ ಮುಂದಕ್ಕೆ ಬಾಗಿಯೇ ಇದ್ದರೆ, ಅಥವಾ ತೋರಿಸಲು ಮಾರುವವರು ಒಪ್ಪದಿದ್ದರೆ, ತಂತಿ ಎಷ್ಟೇ ಮೃದುವಾಗಿ ಕಂಡರೂ ಆ ವಾದ್ಯವನ್ನು ಅಲ್ಲಿಯೇ ಬಿಟ್ಟು ಬರುವುದು ಸರಿ.