ಬೆನ್ನ ಮೇಲೆ ಸಿಲಿಂಡರ್ ಇತ್ತಾ, ಇಲ್ವಾ?

ಶನಿವಾರ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್, ಭಾನುವಾರ ಬೆಳಗಿನ ಜಾವ ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯ. ಮಳೆಗಾಲ ಮುಗಿಯಿತೆಂದರೆ ನನ್ನ ಫೋನಿಗೆ ಬರುವ ಟೂರ್ ಪ್ಲ್ಯಾನ್‌ಗಳಲ್ಲಿ ಅರ್ಧ ಹೀಗೇ ಇರುತ್ತವೆ. ಎರಡೂ ಒಳ್ಳೆಯ ಜಾಗವೇ. ಆದರೆ ಈ ಕ್ರಮದಲ್ಲಿ ಬೇಡ ಅಂದರೆ ಯಾರ ತಲೆಗೂ ಹೋಗುವುದಿಲ್ಲ. "ಡ್ರೈವರ್ ಇದ್ದಾನೆ ಸಾರ್, ಸುಸ್ತಾಗಲ್ಲ" ಅನ್ನುತ್ತಾರೆ. ನಾನು ಹೇಳುತ್ತಿರುವುದು ಸುಸ್ತಿನ ವಿಷಯವೇ ಅಲ್ಲ.

ಚಿಕ್ಕಮಗಳೂರು, ಹಾಸನದ ಕಡೆಯವರನ್ನು ಮುರುಡೇಶ್ವರಕ್ಕೆ ಕರೆದುಕೊಂಡು ಹೋಗಿ ಕಡಲಿಗೆ ಇಳಿಸುವುದು ನನ್ನ ಕೆಲಸ. ವಾಂತಿ ಮಾತ್ರೆ ಯಾವಾಗ ನುಂಗಬೇಕು, ಏನು ಹಾಕಿಕೊಳ್ಳಬೇಕು ಅನ್ನುವುದನ್ನೆಲ್ಲ ದೋಣಿಯವರೇ ಹೇಳುತ್ತಾರೆ. ಇಲ್ಲಿ ಒಂದೇ ವಿಷಯ ಹೇಳಿ ಮುಗಿಸುತ್ತೇನೆ.

ನಮ್ಮವರಿಗೆ ನೀರಿಗೆ ಇಳಿದಿದ್ದೆಲ್ಲ ಸ್ಕೂಬಾ. ಇನ್ನು ಕೆಲವರಿಗೆ ಎಲ್ಲವೂ ಸ್ನಾರ್ಕ್ಲಿಂಗ್. ಹಾಗಾಗಿ ನಾನು ಹೆಸರು ಕೇಳುವುದನ್ನೇ ಬಿಟ್ಟಿದ್ದೇನೆ. "ಬೆನ್ನ ಮೇಲೆ ಸಿಲಿಂಡರ್ ಇತ್ತಾ?" ಅಂತಷ್ಟೇ ಕೇಳುತ್ತೇನೆ.

ಇರಲಿಲ್ಲ ಅಂದರೆ ನೀವು ಮಾಡಿದ್ದು ಸ್ನಾರ್ಕ್ಲಿಂಗ್. ಲೈಫ್ ಜಾಕೆಟ್ ಹಾಕಿಕೊಂಡು, ಮುಖ ನೀರಲ್ಲಿಟ್ಟು ತೇಲುತ್ತೀರಿ. ಬಾಯಲ್ಲಿ ಕಚ್ಚಿಕೊಂಡ ಉಸಿರಾಟದ ಕೊಳವೆಯ ತುದಿ ನೀರಿನ ಮೇಲೆ. ದೋಣಿಯಲ್ಲಿ ಕೂತವರು ಎಳೆದುಕೊಳ್ಳುವ ಗಾಳಿಯೇ ನಿಮ್ಮದೂ. ಸಂಜೆಗೇ ಘಾಟಿ ಹತ್ತಿ, ನನ್ನ ತಕರಾರಿಲ್ಲ.

ಇತ್ತು ಅಂದರೆ ಅದು ಸ್ಕೂಬಾ, ಲೆಕ್ಕ ಬೇರೆ. ಮೊದಲನೆಯದಾಗಿ ಅದು ಆಕ್ಸಿಜನ್ ಸಿಲಿಂಡರ್ ಅಲ್ಲ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅದರಲ್ಲಿರುವುದು ಸಾದಾ ಗಾಳಿ, ಒತ್ತಿ ತುಂಬಿದ್ದು. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದಷ್ಟು ಹೊತ್ತೂ ನೈಟ್ರೋಜನ್ ರಕ್ತಕ್ಕೆ, ಅಲ್ಲಿಂದ ಮೈಯೊಳಗೆಲ್ಲ ಜಾಸ್ತಿ ಇಳಿಯುತ್ತದೆ. ಮೇಲೆ ಬಂದಮೇಲೆ ಉಸಿರಿನಲ್ಲೇ ಮೆಲ್ಲಗೆ ಹೊರಗೆ ಹೋಗುತ್ತದೆ. ಮೆಲ್ಲಗೆ ಅಂದರೆ ಗಂಟೆಗಟ್ಟಲೆ. ಅಷ್ಟರಲ್ಲಿ ಎತ್ತರಕ್ಕೆ ಹತ್ತಿ ಹೊರಗಿನ ಗಾಳಿಯ ಒತ್ತಡ ಇನ್ನೂ ಕಡಿಮೆಯಾದರೆ ಮೈಯೊಳಗೆ ಗುಳ್ಳೆ ಏಳಬಹುದು. ಗೋಲಿ ಒತ್ತಿದ ತಕ್ಷಣ ಸೋಡಾ ಬುಸ್ ಅನ್ನುತ್ತದಲ್ಲ, ಹಾಗೆ.

"ವಿಮಾನ ಹತ್ತಬಾರದು ಅಂತ ಗೊತ್ತು ಸಾರ್. ನಾವು ಹೋಗ್ತಿರೋದು ಕಾರಲ್ಲಿ." ಎಲ್ಲರದ್ದೂ ಇದೇ ಉತ್ತರ. ಅಯ್ಯೋ, ಮೈಗೆ ಕಾರು ಯಾವುದು, ವಿಮಾನ ಯಾವುದು ಅಂತ ಏನು ಗೊತ್ತು? ಸುಮಾರು 600 ಮೀಟರ್ ಎತ್ತರ ದಾಟಿದರೆ ಡೈವರ್‌ಗಳ ಲೆಕ್ಕದಲ್ಲಿ ಅದು ವಿಮಾನ ಹತ್ತಿದ ಹಾಗೆಯೇ. ಆಗುಂಬೆಯ 14 ತಿರುವು ಮುಗಿಯುವ ಹೊತ್ತಿಗೆ ಆ ಎತ್ತರಕ್ಕೆ ಬಂದಿರುತ್ತೀರಿ. ಸಕಲೇಶಪುರ, ಹಾಸನ 900 ಮೀಟರ್‌ಗೂ ಮೇಲಿವೆ. ಚಿಕ್ಕಮಗಳೂರು ಪೇಟೆ 1,000 ದಾಟಿದೆ. ಮುಳ್ಳಯ್ಯನಗಿರಿಯಂತೂ 1,900ಕ್ಕಿಂತ ಜಾಸ್ತಿ. ವಿಮಾನದ ಒಳಗಿನ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟೇ. ಈಗ ನೀವೇ ಹೋಲಿಸಿ ನೋಡಿ. ನಂಬಿಕೆ ಬರದಿದ್ದರೆ ಉಡುಪಿಯಲ್ಲಿ ಒಂದು ಚಿಪ್ಸ್ ಪ್ಯಾಕೆಟ್ ಕೊಂಡು ಹಿಂದಿನ ಸೀಟಿನಲ್ಲಿಡಿ. ಕೊಪ್ಪ ಬರುವಷ್ಟರಲ್ಲಿ ಪೂರಿ ಹಾಗೆ ಉಬ್ಬಿರುತ್ತದೆ.

ಒಂದೇ ಸಲ ಇಳಿದಿದ್ದರೆ ಕಡಿಮೆ ಅಂದರೂ 12 ಗಂಟೆ, ಹೆಚ್ಚು ಸಲ ಇಳಿದಿದ್ದರೆ 18 ಗಂಟೆ ಬಿಟ್ಟು ಮೇಲೆ ಹೋಗಿ. ಅಂದರೆ ಮುರುಡೇಶ್ವರದಲ್ಲಿ ಒಂದು ರಾತ್ರಿಯ ರೂಮ್ ಬಾಡಿಗೆ, ಅಷ್ಟೇ. ಹೆದರಿಸುವುದಕ್ಕೆ ಬರೆಯುತ್ತಿಲ್ಲ. ಮೊದಲ ಸಲ ಇಳಿಯುವವರನ್ನು 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವುದಿಲ್ಲ, ಅಪಾಯ ಕಡಿಮೆಯೇ. ನಾನು ಡಾಕ್ಟರೂ ಅಲ್ಲ. ಆದರೆ ಯಾರ ಮೈ ಹೇಗೆ ಅಂತ ಮೊದಲೇ ಹೇಳುವುದಕ್ಕೆ ಬರುವುದಿಲ್ಲ.

ಮೂಡಿಗೆರೆ ಕಡೆಯ ಗೌಡ್ರೊಬ್ಬರು ಎರಡು ಸಲ ಇಳಿದರು. ದಡಕ್ಕೆ ಬಂದು ನೀರು ಕುಡಿಯಿರಿ ಅಂದರೆ ಬಿಯರ್ ಕುಡಿದರು. "ನಾಳೆ ಬಟವಾಡೆ, ಆಳುಗಳು ಕಾಯ್ತಾರೆ" ಅಂತ ಸಂಜೆಯೇ ಚಾರ್ಮಾಡಿ ಹತ್ತಿದರು. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಪ್ಲಾಂಟರ್‌ಗಳನ್ನು ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಿದ್ದಾಗ ಭುಜ ಹಿಡಿದುಕೊಂಡಿತಂತೆ. ಫೋನ್ ಮಾಡಿ, "ಸಿಲಿಂಡರ್ ಹೊತ್ತಿದ್ದಕ್ಕೇ ಇರಬೇಕು ಕಣಯ್ಯ, ಅಮೃತಾಂಜನ ಹಚ್ಚಿದೀನಿ" ಅಂದರು. ನಾನು ವಯಸ್ಸು ನೋಡದೆ ಬೈದೆ. ವಾಪಸ್ ಇಳಿದು ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲು ಹೇಳಿ, ಆಕ್ಸಿಜನ್ ಹಾಕಿಸಿಕೊಳ್ಳಿ ಅಂದೆ. ಪುಣ್ಯಕ್ಕೆ ಕೇಳಿದರು, ನೋವೂ ಹೋಯಿತು. ಅದು ಗುಳ್ಳೆಯೋ ಬರೀ ಉಳುಕೋ, ನಾನು ಹೇಳಲಾರೆ. ಆದರೆ ಡೈವ್ ಮಾಡಿದ ಒಂದು ದಿನದೊಳಗೆ ಕೀಲು ನೋವು, ಜೋಮು, ಚರ್ಮದಲ್ಲಿ ಕಲೆ, ತುರಿಕೆ, ವಿಪರೀತ ಸುಸ್ತು ಕಂಡರೆ ಮುಲಾಮು ಹುಡುಕಬೇಡಿ, ಡಾಕ್ಟರ ಹತ್ತಿರ ಹೋಗಿ.

ರಜೆ ಕಡಿಮೆ ಇದ್ದರೆ ಮೊದಲು ಗಿರಿ ನೋಡಿ, ಆಮೇಲೆ ಕಡಲಿಗೆ ಬನ್ನಿ. ವಾಪಸ್ ಹೋಗುವ ದಿನ ಬರೀ ಸ್ನಾರ್ಕ್ಲಿಂಗ್ ಮಾಡಿ. ನೇತ್ರಾಣಿಯ ಬಂಡೆಗಳ ಪಕ್ಕ ನೀರು ತಿಳಿಯಾಗಿದ್ದ ದಿನ ಮೇಲಿಂದಲೇ ಚಿಟ್ಟೆ ಮೀನು, ಗಿಳಿ ಮೀನು ಕಾಣುತ್ತವೆ.

ದೋಣಿ ಬಿಟ್ಟು ಇಳಿಯದಿದ್ದರೂ ನಷ್ಟವಿಲ್ಲ. ಬೇಲೂರಿನ ಅಜ್ಜಿಯೊಬ್ಬರು ಮೊಮ್ಮಕ್ಕಳ ಜೊತೆ ಬಂದಿದ್ದರು. ಹುಡುಗರೆಲ್ಲ ಸಿಲಿಂಡರ್ ಕಟ್ಟಿಕೊಂಡು ಕೆಳಗೆ ಹೋದರು. ಅಜ್ಜಿ ದೋಣಿಯಲ್ಲಿ ಅವಲಕ್ಕಿ ತಿನ್ನುತ್ತಾ ಕೂತರು. ಅಷ್ಟರಲ್ಲಿ ನಾಲ್ಕೈದು ಡಾಲ್ಫಿನ್ ಪಕ್ಕದಲ್ಲೇ ಹಾದುಹೋದವು. ಬಿಳಿ ಹೊಟ್ಟೆಯ ಕಡಲ ಹದ್ದೊಂದು ಮೀನು ಹಿಡಿದು ದ್ವೀಪದ ಕಡೆ ಹಾರಿತು. ಹುಡುಗರು ಮೇಲೆ ಬಂದಾಗ ಅಜ್ಜಿ, "ಕೆಳಗೆ ಏನ್ ಹುಡುಕ್ತಿದ್ರೋ, ಅವು ಇಲ್ಲೇ ಆಡ್ತಿದ್ವಲ್ಲ" ಅಂದರು. ಅವತ್ತು ಸಂಜೆ ಘಾಟಿ ಹತ್ತಲು ಅಡ್ಡಿಯಿಲ್ಲದೆ ಇದ್ದವರು ಅವರೊಬ್ಬರೇ. ಹುಡುಗರಿಗೋಸ್ಕರ ಮುರುಡೇಶ್ವರದಲ್ಲಿ ಉಳಿದರು. ಮನೆಯಲ್ಲಿ ಹಸು ಕರೆಯುವವರಿಲ್ಲ ಅಂತ ರಾತ್ರಿಯಿಡೀ ನನ್ನನ್ನೇ ಬೈದರು.