ಹೊಳೆ ಇಳಿದರೆ ಹಕ್ಕಿಗೆ ಹಬ್ಬ

ಶ್ರೀರಂಗಪಟ್ಟಣವನ್ನು ಬಹಳ ಜನ ಮೈಸೂರಿನ ದಾರಿಯಲ್ಲಿ ಸಿಗುವ ಊರು ಅಂತಲೇ ನೋಡುತ್ತಾರೆ. ಒಂದು ಗಂಟೆ ಇಳಿದು, ರಂಗನಾಥನಿಗೆ ಕೈಮುಗಿದು, ದರಿಯಾ ದೌಲತ್ ಮುಂದೆ ಫೋಟೋ ತೆಗೆದು ಹೊರಟುಬಿಡುತ್ತಾರೆ. ನನ್ನನ್ನು ಕೇಳಿದರೆ ಇದು ಇಡೀ ದಿನ ಇಟ್ಟುಕೊಂಡು, ಆತುರ ಇಲ್ಲದೆ ಹೋಗಬೇಕಾದ ಊರು. ಅದೂ ಮಾರ್ಚ್-ಏಪ್ರಿಲ್ ಬಿಸಿಲಲ್ಲಿ. ಬಿಸಿಲಲ್ಲಿ ಯಾಕಪ್ಪಾ ಅಂತೀರಾ? ಆಗ ಹೊಳೆ ಇಳಿದಿರುತ್ತದೆ. ಈ ಊರಿನ ಅರ್ಧ ಕಥೆ, ಪಕ್ಕದ ಪಕ್ಷಿಧಾಮ ರಂಗನತಿಟ್ಟಿನ ಹೆಚ್ಚುಕಮ್ಮಿ ಪೂರ್ತಿ ಕಥೆ, ಹೊಳೆಯಲ್ಲಿ ಎಷ್ಟು ನೀರಿದೆ ಅನ್ನೋದರ ಮೇಲೇ ನಿಂತಿದೆ.

ರೈಲಿನಲ್ಲಿ ಬಂದರೆ ಒಳ್ಳೆಯದು. ಸ್ಟೇಷನ್ ಕೋಟೆಯ ಒಳಗೇ ಇದೆ. ಈ ಹಳಿಯನ್ನು ಜೋಡಿ ಮಾಡುವಾಗ ಟಿಪ್ಪುವಿನ ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಅದನ್ನು ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ, ಆಚೆಗೆ ಸಾಗಿಸಿ ಕೂರಿಸಿದರು. ಇಟ್ಟಿಗೆ ಗಾರೆಯ ಹಳೇ ಕಟ್ಟಡ ಹಾಗೆ ಜಾಗ ಬದಲಿಸಿದೆ ಅಂದರೆ ನೋಡಿಯೇ ನಂಬಬೇಕು.

ಕಾವೇರಿ ಇಲ್ಲಿ ಎರಡಾಗಿ ಒಡೆಯುತ್ತಾಳೆ, ಊರನ್ನು ಸುತ್ತಿ ಪೂರ್ವಕ್ಕೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ನೆಲದಡಿ ಇರೋದು ತುಂಬಾ ಹಳೆಯ, ಗಟ್ಟಿ ಬಂಡೆ. ಅದನ್ನು ಕೊರೆದು ಆಳಕ್ಕೆ ಇಳಿಯೋದು ಹೊಳೆಗೆ ಸುಲಭವಲ್ಲ. ಹಾಗಾಗಿ ಅಗಲಕ್ಕೆ ಹರಡುತ್ತದೆ, ಬಂಡೆ ಅಡ್ಡ ಬಂದಲ್ಲಿ ಸೀಳಿಕೊಂಡು ಹೋಗುತ್ತದೆ. ರಂಗನಾಥನ ಮೂರು ಕ್ಷೇತ್ರಗಳಲ್ಲಿ ಆದಿರಂಗ ಇಲ್ಲಿ, ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. ಮೂರೂ ಕಾವೇರಿಯ ನಡುಗಡ್ಡೆಗಳೇ.

ದೇವಸ್ಥಾನ ಆದಮೇಲೆ ಕೋಟೆಯ ಪಶ್ಚಿಮದ ಗೋಡೆಯ ಕಡೆ ನಡೆಯಿರಿ. ಅಲ್ಲೇ ಇಂಗ್ಲಿಷರ ಫಿರಂಗಿ ಗೋಡೆ ಒಡೆದದ್ದು. ಟಿಪ್ಪುವಿಗೆ ಹೊಳೆಯೇ ಕಂದಕ. ಮುಂಗಾರು ಹಿಡಿದುಬಿಟ್ಟಿದ್ದರೆ ಯಾವ ದಂಡೂ ಅದನ್ನು ದಾಟುತ್ತಿರಲಿಲ್ಲ. ಅದು ಇಂಗ್ಲಿಷರಿಗೂ ಗೊತ್ತಿತ್ತು. 1799ರ ಮೇ 4ರ ಮಧ್ಯಾಹ್ನ, ಮಳೆ ಬರೋದಕ್ಕೆ ಮೊದಲೇ, ಅವರ ಸಿಪಾಯಿಗಳು ಬಂಡೆ ಎದ್ದಿದ್ದ ಹೊಳೆಯಲ್ಲಿ ನಡೆದುಕೊಂಡೇ ಬಂದು ಗೋಡೆ ಹತ್ತಿದರು. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕೊಕ್ಕರೆಗಳು ಅದೇ ಜಾಗದಲ್ಲಿ ಮೊಣಕಾಲುದ್ದ ನೀರಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತವೆ.

ಊಟ ಮುಗಿಸಿ ರಂಗನತಿಟ್ಟಿಗೆ ಹೊರಡಿ. ಆಟೋದಲ್ಲಿ ಸ್ವಲ್ಪವೇ ದೂರ. ಪಕ್ಷಿ ನೋಡುವವರೆಲ್ಲ ಬೆಳಗಿನ ಜಾವಕ್ಕೇ ಹೋಗಿ ಅಂತಾರೆ. ಫೋಟೋಕ್ಕೆ ಅದೇ ಸರಿ, ಒಪ್ಪಿದೆ. ಆದರೆ ಸುಡುವ ಬಿಸಿಲಿಗೆ ಹಕ್ಕಿ ಏನು ಮಾಡುತ್ತದೆ ಅಂತ ನೋಡಬೇಕಿದ್ದರೆ ಮಧ್ಯಾಹ್ನವೇ ವಾಸಿ.

ಈ ತಿಟ್ಟುಗಳು ತಾವಾಗಿ ಆದವಲ್ಲ. 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರು ನೀರಾವರಿಗೆ ಅಂತ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು. ಹಿಂದೆ ನೀರು ನಿಂತಿತು, ಎತ್ತರದ ಜಾಗಗಳು ನಡುಗಡ್ಡೆಗಳಾದವು. ಸುತ್ತ ನೀರಿದ್ದರೆ ನಾಯಿ, ನರಿ ದಾಟೋದು ಕಷ್ಟ. ಹಕ್ಕಿಗೆ ಬೇಕಿದ್ದದ್ದೂ ಅದೇ. ಹಕ್ಕಿಗಳಿಗಾಗಿ ಯಾರೂ ಕಟ್ಟದ ಒಡ್ಡು ಅವುಗಳಿಗೇ ಹೆಚ್ಚು ಒದಗಿಬಂತು. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದ ಪಕ್ಷಿತಜ್ಞ ಸಲೀಂ ಅಲಿ ಇದನ್ನು ನೋಡಿ, ಅರಸರನ್ನು ಒಪ್ಪಿಸಿದರು. 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಯಿತು.

ದೋಣಿ ಹತ್ತಿದ ಮೇಲೆ ಎಲ್ಲರ ಕಣ್ಣೂ ಮೊಸಳೆ ಹುಡುಕುತ್ತದೆ. ನೀವು ಅಂಚಿನ ತೆಳು ನೀರು ನೋಡಿ. ಅಲ್ಲೊಂದು ಬಣ್ಣದ ಕೊಕ್ಕರೆ ಇದ್ದೇ ಇರುತ್ತದೆ. ಕಿತ್ತಳೆ ಮುಖ, ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ. ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಅದ್ದಿಕೊಂಡಿರುತ್ತದೆ. ಒಂದು ಕಾಲಿನಿಂದ ಕೆಸರು ಕಲಕುತ್ತದೆ, ಆಗಾಗ ಒಂದು ರೆಕ್ಕೆ ಪಟ್ಟನೆ ಬಿಚ್ಚುತ್ತದೆ. ಅಡಗಿದ್ದ ಮೀನು ಗಾಬರಿಯಾಗಿ ಓಡಿ, ನೇರ ಕೊಕ್ಕಿಗೇ ಬಂದು ತಾಗುತ್ತದೆ. ಇದಕ್ಕೆ ಕಣ್ಣಿನ ಕೆಲಸವೇ ಇಲ್ಲ, ಎಲ್ಲಾ ಸ್ಪರ್ಶ. ಕಲಕಿದ ರಾಡಿ ನೀರಲ್ಲೂ ಬೇಟೆ ನಡೆಯುತ್ತದೆ. ಇದರ ಅಮೆರಿಕದ ದಾಯಾದಿ ವುಡ್ ಸ್ಟಾರ್ಕ್ ಮೇಲೆ ವಿಜ್ಞಾನಿಗಳು ಅಳತೆ ಮಾಡಿದ್ದಾರೆ. ಮೀನು ತಾಗಿದ ಮೇಲೆ ಕೊಕ್ಕು ಮುಚ್ಚಲು ಹಿಡಿದದ್ದು ಸುಮಾರು 25 ಮಿಲಿಸೆಕೆಂಡ್. ನಾವು ಒಂದು ಸಲ ಕಣ್ಣು ಮಿಟುಕಿಸೋದಕ್ಕೆ ಇದರ ನಾಲ್ಕು ಪಟ್ಟಿಗೂ ಜಾಸ್ತಿ ಹೊತ್ತು ಬೇಕು.

ಆದರೆ ಈ ಚಳಕಕ್ಕೆ ಒಂದು ಷರತ್ತಿದೆ. ನೀರು ಕಾಲುದ್ದ ಮೀರಬಾರದು, ಮೀನು ಒತ್ತೊತ್ತಾಗಿ ಇರಬೇಕು. ತುಂಬಿದ ಹೊಳೆಯಲ್ಲಿ ಮೀನು ಬೇಕಾದಷ್ಟಿರಬಹುದು, ಆದರೆ ಚದುರಿರುತ್ತದೆ. ನೀರು ಇಳಿಯುತ್ತಾ ಬಂದಾಗ ಅದೇ ಮೀನು ಗುಂಡಿಗಳಲ್ಲಿ ಕಿಕ್ಕಿರಿದು ಸೇರುತ್ತದೆ. ಮರಿಗಳ ಹೊಟ್ಟೆ ಜೋರಾಗಿ ಕೇಳುವ ಹೊತ್ತೂ ಅದೇ ಆಗಿರಬೇಕು, ಇಲ್ಲದಿದ್ದರೆ ಗೂಡು ಕಟ್ಟಿ ಪ್ರಯೋಜನವಿಲ್ಲ. ಉತ್ತರದ ಭರತಪುರದಲ್ಲಿ ಇದೇ ಜಾತಿಯ ಕೊಕ್ಕರೆ ಮಳೆಗಾಲದ ಕೊನೆಯ ಹೊತ್ತಿಗೇ ಗೂಡಿಗೆ ಕೂರುತ್ತದೆ, ಇಲ್ಲಿ ಬೇಸಿಗೆಯ ಕಡೆಗೆ. ಅವು ನೋಡೋದು ತಿಂಗಳನ್ನಲ್ಲ, ನೀರನ್ನು.

ಬಾಯಿಕಳಕ ಕೊಕ್ಕರೆಯದ್ದು ಇನ್ನೂ ವಿಚಿತ್ರ. ಕೊಕ್ಕು ಮುಚ್ಚಿದರೂ ನಡುವೆ ಒಂದು ಸಂದು, ಆಚೆಯ ಬೆಳಕು ಕಾಣುತ್ತದೆ. ಇದರ ಮುಖ್ಯ ಊಟ ಬಸವನಹುಳು. ಸಂದಿನಲ್ಲಿ ಚಿಪ್ಪು ಇಟ್ಟು, ಅಡಕೆಯನ್ನು ಅಡಕತ್ತರಿಯಲ್ಲಿ ಒತ್ತಿದ ಹಾಗೆ ಒಡೆಯುತ್ತದೆ ಅಂತ ಜೂಲಿಯನ್ ಹಕ್ಸ್‌ಲಿಯಂಥ ದೊಡ್ಡ ಜೀವವಿಜ್ಞಾನಿಯೇ ವಾದಿಸಿದ್ದರು. ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ? ಆದರೆ ಮರಿಗಳಿಗೆ ಸಂದೇ ಇರೋದಿಲ್ಲ, ಅದು ವಯಸ್ಸಾದ ಹಾಗೆ ಮೂಡುತ್ತದೆ. ಸಂದಿಲ್ಲದ ಎಳೆಯ ಹಕ್ಕಿಗಳೂ ಬಸವನಹುಳು ತಿನ್ನುತ್ತವೆ. ಹತ್ತಿರದಿಂದ ಗಮನಿಸಿದಾಗ ಗೊತ್ತಾಗಿದ್ದು ಇಷ್ಟು: ಹಕ್ಕಿ ಚಿಪ್ಪನ್ನು ಮೇಲಿನ ಕೊಕ್ಕಿನ ತುದಿಯಿಂದ ಅದುಮಿ ಹಿಡಿಯುತ್ತದೆ. ಕೆಳಗಿನ ಕೊಕ್ಕಿನ ಚೂಪು ತುದಿಯನ್ನು ಬಾಗಿಲಿನಂಥ ಮುಚ್ಚಳದ ಒಳಕ್ಕೆ ತೂರಿಸಿ, ಚಿಪ್ಪಿಗೆ ಅಂಟಿದ ಸ್ನಾಯು ಕೊಯ್ದು, ಹುಳುವನ್ನು ಎಳೆದುಕೊಳ್ಳುತ್ತದೆ. ಚಿಪ್ಪು ಹೆಚ್ಚಾಗಿ ಇಡಿಯಾಗೇ ಉಳಿಯುತ್ತದೆ. ಸಂದು ಇದ್ದರೆ ತುದಿಗಳಿಗೆ ಹೆಚ್ಚು ಬಲ ಸಿಗಬಹುದು ಅನ್ನೋದು ಈಗಿನ ಊಹೆ.

ಉಳಿದವರ ಉಪಾಯ ಬೇರೆ ಬೇರೆ. ಚಮಚದ ಕೊಕ್ಕಿನ ಹಕ್ಕಿ ತಲೆಯನ್ನು ಆ ಕಡೆ ಈ ಕಡೆ ಬೀಸುತ್ತಾ, ಅರ್ಧ ತೆರೆದ ಕೊಕ್ಕಿನಿಂದ ನೀರಲ್ಲಿ ತಡಕುತ್ತದೆ. ಹಾವಕ್ಕಿ ಮುಳುಗಿ ಮೀನನ್ನು ಭರ್ಜಿಯಂತೆ ತಿವಿಯುತ್ತದೆ, ಮೇಲೆ ಬಂದು ಗಾಳಿಗೆಸೆದು ತಲೆ ಕಡೆಯಿಂದ ನುಂಗುತ್ತದೆ. ನೀರುಕಾಗೆ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಆಳ ನೀರು ಇವೆರಡರ ಪಾಲು. ಹೊಳೆ ಒಂದೇ ಆದರೂ ಜಗಳ ಕಮ್ಮಿ.

ಗೂಡುಗಳ ಕಡೆ ತಲೆ ಎತ್ತಿದರೆ ಮಧ್ಯಾಹ್ನದ ಇನ್ನೊಂದು ಆಟ ಕಾಣುತ್ತದೆ. ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಹಾಕಿ, ರೆಕ್ಕೆ ಅಗಲಿಸಿ, ಮರಿಗಳಿಗೆ ನೆರಳು ಹಿಡಿದು ನಿಂತಿರುತ್ತದೆ. ಹೊತ್ತು ವಾಲಿದ ಹಾಗೆ ತಾನೂ ತಿರುಗುತ್ತದೆ. ಕಾಲು ನೋಡಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ದೋಣಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ಕೇಳಿಯೇಬಿಟ್ಟಳು, "ಅಂಕಲ್, ಅದು ಕಾಲ ಮೇಲೇ ಗಲೀಜು ಮಾಡ್ಕೊಳ್ತಿದೆ!" ನಿಜ, ಬೇಕಂತಲೇ ಮಾಡಿಕೊಳ್ಳೋದು. ಕೊಕ್ಕರೆ ಬೆವರುವುದಿಲ್ಲ. ನೀರಾದ ಹಿಕ್ಕೆ ಕಾಲ ಮೇಲೆ ಆರುವಾಗ ಅಲ್ಲಿನ ರಕ್ತದ ಬಿಸಿ ಎಳೆದುಕೊಳ್ಳುತ್ತದೆ, ತಂಪಾದ ರಕ್ತ ಮೈಗೆ ವಾಪಸ್ ಹೋಗುತ್ತದೆ. ಕೆಳಗೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಯಾರನ್ನೂ ಹೆದರಿಸುತ್ತಿಲ್ಲ. ಬಾಯೊಳಗಿನ ಪಸೆ ಆರಿ ತಲೆ ತಣ್ಣಗಾಗಲಿ ಅಂತ ಅದೂ ಕಾಯುತ್ತಿದೆ.

ಗೂಡಿನ ಕೆಳಗೆ ಮೊಸಳೆ ಇರೋದು ಹಕ್ಕಿಗೆ ಅಪಾಯ ಅಲ್ಲವೇ ಅಂತ ಅನ್ನಿಸಬಹುದು. ಅಮೆರಿಕದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಅಲ್ಲಿನ ಮೊಸಳೆ ಜಾತಿಯ ಆಲಿಗೇಟರ್ ಇರುವ ನೀರಿನ ಮೇಲೇ ಬಕ, ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರ ಹತ್ತಿ ಮೊಟ್ಟೆ ಕದಿಯುವ ಪ್ರಾಣಿಗಳು ಆ ನೀರಿಗೆ ಇಳಿಯಲು ಹಿಂಜರಿಯುತ್ತವೆ. ಗೂಡಿಂದ ಬಿದ್ದ ಮರಿಗಳು ಆಲಿಗೇಟರ್ ಪಾಲು. ಹಕ್ಕಿ ಕಾಲೊನಿಯ ಹತ್ತಿರದ ಆಲಿಗೇಟರುಗಳು ಉಳಿದವಕ್ಕಿಂತ ಮೈತುಂಬಿಕೊಂಡಿದ್ದವು. ರಂಗನತಿಟ್ಟಿನಲ್ಲೂ ಲೆಕ್ಕ ಹೆಚ್ಚುಕಮ್ಮಿ ಇದೇ ಇರಬೇಕು ಅಂತ ನನ್ನ ಅಂದಾಜು.

ನೀರಿನ ಮಟ್ಟ ಈಗ ಮಳೆಯೊಬ್ಬನ ಕೈಯಲ್ಲಿಲ್ಲ. ಮೇಲೆ ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ಇದೆ. ಅದು ತುಂಬುವ ಮಟ್ಟ 124.80 ಅಡಿ. ಜುಲೈ-ಆಗಸ್ಟಿನಲ್ಲಿ ಕೊಡಗಿನಲ್ಲಿ ಮಳೆ ಹೊಡೆದು ಗೇಟು ಎತ್ತಿದರೆ ತಿಟ್ಟುಗಳು ಅರ್ಧ ಮುಳುಗುತ್ತವೆ, ದೋಣಿ ನಿಲ್ಲುತ್ತದೆ. ಮರದ ಮೇಲಿನ ಗೂಡು ಬಚಾವಾಗಬಹುದು. ಆದರೆ ನದಿ ರೀವ ಗೂಡೇ ಕಟ್ಟದೆ ಬರೀ ಬಂಡೆ, ಮರಳಿನ ಮೇಲೆ ಮೊಟ್ಟೆ ಇಡುವ ಹಕ್ಕಿ. ಬೇಸಿಗೆಯಲ್ಲೇ ಅಕಾಲದಲ್ಲಿ ನೀರು ಬಿಟ್ಟರೂ ಅದರ ಮೊಟ್ಟೆ ಕೊಚ್ಚಿಹೋಗುತ್ತದೆ.

ಹೊರಡುವ ಮುಂಚೆ ದಿನಪತ್ರಿಕೆಯಲ್ಲಿ ಬರುವ ಕೆ.ಆರ್.ಎಸ್. ಅಂಕಿ ನೋಡಿ. ಎಲ್ಲರೂ ನೋಡೋದು ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಅಂತ. ನಿಮಗೆ ಬೇಕಿರೋದು ಅದರ ಪಕ್ಕದ ಹೊರಹರಿವು. ಅದು ಜಾಸ್ತಿ ಇದ್ದರೆ ಆ ದಿನ ಕೋಟೆ, ಗುಂಬಜ್, ಸಂಗಮ ಸುತ್ತಿ ಬನ್ನಿ. ರಂಗನತಿಟ್ಟನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳಿ.