ಹೂ ತುಂಬಾ ಬಿಡುತ್ತೆ, ಕಾಯಿ ಹಿಡಿಯಲ್ಲ: ಬೇಸಿಗೆ ಟೊಮೆಟೊ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: "ನಮಸ್ಕಾರ್ರಿ. ನಮ್ದು ಇಂಡಿ ತಾಲೂಕು. ಒಂದ್ ಎಕರೆ ಟೊಮೆಟೊ ಹಚ್ಚೇವಿ. ಗಿಡ ಹಸರಾಗಿ ಭಾಳ ಚಲೋ ಅದಾವ, ಹೂನೂ ಗಚ್ಚಾಗಿ ಬಿಟ್ಟಾವ. ಆದ್ರ ಕಾಯಿ ಹಿಡೀವಲ್ದು. ಮುಂಜಾನಿ ನೋಡಿದ್ರ ಹೂ ಎಲ್ಲಾ ನೆಲಕ್ಕ ಬಿದ್ದಿರ್ತಾವ. ಎರಡು ಸಲ ಔಷಧ ಹೊಡದೇವಿ. ಇನ್ನ ಯಾವ ಔಷಧ ಹೊಡೀಬೇಕ್ರಿ?"

ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಸಿಂದಗಿ, ಬಸವನ ಬಾಗೇವಾಡಿ, ಆ ಕಡೆ ಹುನಗುಂದ, ಬೀಳಗಿಯಿಂದಲೂ ಕೇಳುತ್ತಾರೆ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ನೆಲಕ್ಕೆ ಬಿದ್ದ ಆ ಹೂವಿಗೆ ಯಾವ ಔಷಧವೂ ಇಲ್ಲ. ಅದು ಕೆಟ್ಟಿದ್ದು ಇವತ್ತಲ್ಲ, ನಿನ್ನೆಯೂ ಅಲ್ಲ. ಅರಳುವುದಕ್ಕೆ ವಾರ ಹತ್ತು ದಿನ ಮೊದಲೇ, ಇನ್ನೂ ಹಸಿರು ಮೊಗ್ಗಾಗಿದ್ದಾಗಲೇ ಅದರ ಕತೆ ಮುಗಿದಿತ್ತು. ನೀವು ಹೂ ನೋಡಿ ಔಷಧ ಹೊಡೆದಿರಿ, ಬಿಸಿಲು ಮೊಗ್ಗಿಗೇ ಹೊಡೆದಿತ್ತು.

ಮೊದಲು ನಿಮ್ಮ ಹೊಲದಲ್ಲೇ ಒಂದು ಪರೀಕ್ಷೆ ಮಾಡಿ, ದುಡ್ಡು ಬೇಡ. ಬೆಳಗ್ಗೆ ಹತ್ತು ಗಿಡದಿಂದ ಒಂದೊಂದು ಅರಳಿದ ಹೂ ಕಿತ್ತು ಅಂಗೈಯಲ್ಲಿಟ್ಟು ನೋಡಿ. ನಡುವೆ ಹಳದಿ ಬಣ್ಣದ ಚೂಪಾದ ಕೊಳವೆಯಂಥದ್ದು ಇರುತ್ತದೆ. ಅದು ಗಂಡು ಭಾಗ, ಪರಾಗ ಇರುವುದು ಅದರೊಳಗೆ. ಹೆಣ್ಣು ಭಾಗದ ಸಣ್ಣ ಕಡ್ಡಿ ಆ ಕೊಳವೆಯೊಳಗೇ ಅಡಗಿರಬೇಕು. ಗಾಳಿಗೆ ಹೂ ಅಲುಗಿದರೆ ಪರಾಗ ಉದುರಿ ಆ ಕಡ್ಡಿಯ ತುದಿಗೆ ಅಂಟುತ್ತದೆ, ಟೊಮೆಟೊ ಕಾಯಿ ಕಟ್ಟುವುದೇ ಹೀಗೆ. ಸೆಕೆ ಜಾಸ್ತಿಯಾದಾಗ ಎಷ್ಟೋ ತಳಿಗಳಲ್ಲಿ ಈ ಕಡ್ಡಿ ಉದ್ದವಾಗಿ ಕೊಳವೆಯಿಂದ ಹೊರಗೆ ಇಣುಕುತ್ತದೆ, ಪರಾಗ ಅದರ ತುದಿಗೆ ಸಿಗುವುದೇ ಇಲ್ಲ. ಹತ್ತರಲ್ಲಿ ಐದಾರು ಹೂ ಹೀಗೆ ಇಣುಕುತ್ತಿದ್ದರೆ ನಿಮ್ಮ ಶತ್ರು ಹುಳವೂ ಅಲ್ಲ, ರೋಗವೂ ಅಲ್ಲ, ಬಿಸಿ. ಆಮೇಲೆ ಬಿದ್ದ ಹೂಗಳ ತೊಟ್ಟು ನೋಡಿ. ಟೊಮೆಟೊ ಹೂವಿನ ತೊಟ್ಟಿನ ನಡುವೆ ಒಂದು ಗೆಣ್ಣು ಇರುತ್ತದೆ, ಹೂ ಕಳಚುವುದು ಸರಿಯಾಗಿ ಅಲ್ಲೇ. ಗಾಳಿಗೆ ಮುರಿದು ಬಿದ್ದಿದ್ದಲ್ಲ ಅದು, ಗಿಡವೇ ಬೇಡ ಅಂತ ಬಿಟ್ಟದ್ದು.

ಗಿಡ ಯಾಕೆ ಬಿಡುತ್ತದೆ? ಇದನ್ನು ತುಂಬ ಚೆನ್ನಾಗಿ ಬಿಡಿಸಿ ತೋರಿಸಿದವರು ಮೇರಿ ಪೀಟ್ ಎಂಬ ತೋಟಗಾರಿಕೆ ವಿಜ್ಞಾನಿ, ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾಲಯದವರು. 1998ರಲ್ಲಿ ಅವರು ಜೊತೆಗಾರರೊಂದಿಗೆ ಪ್ರಕಟಿಸಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಸೆಕೆಯಲ್ಲಿ ಕಾಯಿ ಕಟ್ಟಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಆದರೆ ಕೆಡುವುದು ಗಂಡು ಭಾಗವೋ ಹೆಣ್ಣು ಭಾಗವೋ? ಎರಡೂ ಒಂದೇ ಹೂವಿನಲ್ಲಿರುವಾಗ ಬೇರೆ ಮಾಡಿ ನೋಡುವುದು ಹೇಗೆ? ಅವರು ಪರಾಗವನ್ನೇ ಬಿಡದ ಟೊಮೆಟೊ ಗಿಡಗಳನ್ನು ತೆಗೆದುಕೊಂಡರು. ಅವುಗಳಲ್ಲಿ ಹೆಣ್ಣು ಭಾಗ ಸರಿಯಿರುತ್ತದೆ, ಗಂಡು ಭಾಗ ಕೆಲಸ ಮಾಡುವುದಿಲ್ಲ. ಆ ಗಿಡಗಳನ್ನು ಬೇರೆ ಬೇರೆ ಬಿಸಿಯಲ್ಲಿ ಬೆಳೆಸಿ, ಬೇರೆ ಬೇರೆ ಬಿಸಿಯಲ್ಲಿ ಬೆಳೆದ ಇನ್ನೊಂದು ಗಿಡದ ಪರಾಗವನ್ನು ತಂದು ಮುಟ್ಟಿಸಿದರು. ಹೀಗೆ ಮಾಡಿದಾಗ ಗೊತ್ತಾಗಿದ್ದು, ಎಲ್ಲಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಪರಾಗ ಕೊಡುವ ಗಿಡ ಅದಕ್ಕೂ ಮೊದಲು ಎಂಥ ಬಿಸಿಯಲ್ಲಿತ್ತು ಎನ್ನುವುದು. ಅಂದರೆ ಮೊದಲು ಸೋಲುವುದು ಪರಾಗ. ನಂತರದ ಪ್ರಯೋಗಗಳು ಇನ್ನೂ ಹತ್ತಿರ ಹೋಗಿ, ಹೂ ಅರಳುವುದಕ್ಕೆ ಸುಮಾರು 15ರಿಂದ 5 ದಿನ ಮೊದಲಿನ ಅವಧಿಯೇ ಅತಿ ನಾಜೂಕು ಎಂದು ತೋರಿಸಿದವು. ಆ ದಿನಗಳಲ್ಲಿ ಮೊಗ್ಗಿನೊಳಗೆ ಪರಾಗ ತಯಾರಾಗುತ್ತಿರುತ್ತದೆ, ಅದಕ್ಕೆ ಸಕ್ಕರೆ ಬೇಕು. ಬಿಸಿ ಜಾಸ್ತಿಯಾದಾಗ ಈ ಸಕ್ಕರೆಯ ಪೂರೈಕೆ ತಪ್ಪಿ, ಪರಾಗ ನೋಡಲು ಪುಡಿಯಂತಿದ್ದರೂ ಜೀವ ಇಲ್ಲದ ಜೊಳ್ಳಾಗುತ್ತದೆ. ಜೋಳದ ತೆನೆ ಜೊಳ್ಳಾದ ಹಾಗೆ.

ಜೀವ ಇರುವ ಪರಾಗ ಇಲ್ಲದಿದ್ದರೆ ಬೀಜ ಕಟ್ಟುವುದಿಲ್ಲ. ಎಳೆ ಬೀಜದಿಂದ ಬರಬೇಕಾದ ಆಕ್ಸಿನ್ ಎಂಬ ಹಾರ್ಮೋನು ಬರುವುದಿಲ್ಲ. ಅದು ತೊಟ್ಟಿಗೆ ಇಳಿಯದಿದ್ದಾಗ ಆ ಗೆಣ್ಣು ಸಡಿಲವಾಗಿ ಹೂ ಕಳಚುತ್ತದೆ. ಅಂಗಡಿಯಲ್ಲಿ ಹೂ ನಿಲ್ಲಲು ಅಂತ ಕೊಡುವ ಹಾರ್ಮೋನು ಔಷಧ, ಅಂದರೆ ಎನ್‌ಎಎ ಇರುವಂಥದ್ದು, ಮಾಡುವುದು ಇದೇ ಆಕ್ಸಿನ್ ಕೆಲಸ. ತೊಟ್ಟನ್ನು ಹಿಡಿದಿಡುತ್ತದೆ. ಬೀಜ ಮಾತ್ರ ಹುಟ್ಟಿಸುವುದಿಲ್ಲ. ಹಾಗಾಗಿ ಕಾಯಿ ನಿಂತರೂ ಕೆಲವು ಒಳಗೆ ಟೊಳ್ಳಾಗಿ, ಸೊಟ್ಟಗೆ, ಹಗುರವಾಗಿ ಬರುತ್ತವೆ. ಹೊಡೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಸೆಕೆ ಅಂಚಿನಲ್ಲಿರುವಾಗ, ಲೇಬಲ್ ಮೇಲೆ ಬರೆದ ಅಳತೆಯಲ್ಲಿ, ಸ್ವಲ್ಪ ಉಪಯೋಗ ಆದೀತು. ಆದರೆ ಹೂ ಉದುರಿತು ಅಂತ ಅಳತೆ ಡಬಲ್ ಮಾಡಿದರೆ ಎಲೆ ತಿರುಚಿಕೊಂಡು ಇದ್ದ ಗಿಡವೂ ಕೆಡುತ್ತದೆ.

ತಿರುಚಿದ ಎಲೆ ಅಂದಾಗ ಇನ್ನೊಂದು ಮಾತು. ಮುಧೋಳ, ಜಮಖಂಡಿ, ಗೋಕಾಕ ಕಡೆಯವರು ಇದನ್ನು ಗಮನಿಸಬೇಕು. ಪಕ್ಕದ ಕಬ್ಬಿಗೆ ಕಳೆ ಸಾಯಲಿ ಅಂತ 2,4-ಡಿ ಹೊಡೆದಿದ್ದರೆ, ಗಾಳಿಯಲ್ಲಿ ತೇಲಿ ಬಂದ ಒಂದಿಷ್ಟು ಹನಿಯೇ ಟೊಮೆಟೊಗೆ ಸಾಕು. ಎಲೆ ದಾರದ ಹಾಗೆ ಸಣ್ಣಗಾಗಿ ಸುರುಳಿ ಸುತ್ತುತ್ತದೆ, ಹೂ ಉದುರುತ್ತದೆ. ಅದನ್ನು ಎಲೆ ಮುಟುರು ರೋಗ ಅಂದುಕೊಂಡು ಮತ್ತೆ ಔಷಧ ಹೊಡೆಯುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಹೊಡೆದ ಪಂಪನ್ನೇ ತೊಳೆಯದೆ ಟೊಮೆಟೊಗೆ ಬಳಸಿದರೂ ಇದೇ ಗತಿ. ಕಳೆನಾಶಕಕ್ಕೆ ಬೇರೆ ಪಂಪು ಇಟ್ಟುಬಿಡಿ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಮೇರಿ ಪೀಟ್ ಅವರ ಪ್ರಯೋಗದಲ್ಲಿ ಹಗಲು ರಾತ್ರಿ ಸೇರಿದ ಸರಾಸರಿ 25 ಡಿಗ್ರಿಯಿಂದ 29ಕ್ಕೆ ಏರುವಷ್ಟರಲ್ಲೇ ಕಾಯಿ ಕಟ್ಟುವುದು ಇಳಿಯಿತು. ಬರೀ ನಾಲ್ಕು ಡಿಗ್ರಿ! ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40ರ ಆಸುಪಾಸು, ರಾತ್ರಿ 24-25. ಸರಾಸರಿ 32 ಅಂದುಕೊಳ್ಳಿ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ಮಧ್ಯಾಹ್ನವೂ ಕಡಿಮೆ, ರಾತ್ರಿಯೂ ತಂಪು. "ಬೆಳಗಾವಿ ಕಡೆ ಬೇಸಿಗೆಯಲ್ಲೂ ಟೊಮೆಟೊ ಬರ್ತದ, ನಮಗ್ಯಾಕ ಬರವಲ್ದು" ಅಂತ ಕೇಳುತ್ತೀರಲ್ಲ, ಅವರ ಔಷಧ ದೊಡ್ಡದಲ್ಲ, ಅವರ ರಾತ್ರಿ ತಂಪಿನದು. ಮಧ್ಯಾಹ್ನದ ಬಿಸಿಲನ್ನಷ್ಟೇ ನಾವು ಬೈಯುತ್ತೇವೆ. ಟೊಮೆಟೊಗೆ ರಾತ್ರಿಯ ಧಗೆಯೂ ಅಷ್ಟೇ ಕೆಟ್ಟದ್ದು.

ಹಾಗಾದರೆ ಬಿಸಿ ತಡೆಯುವ ತಳಿ ಹಾಕೋಣ ಅನ್ನುತ್ತೀರಿ. ಸರಿ, ಆದರೆ ಅದು ಸಿಗುವುದು ಎಷ್ಟು ಕಷ್ಟ ಅಂತಲೂ ತಿಳಿದಿರಲಿ. ತೈವಾನಿನಲ್ಲಿ 1971ರಲ್ಲಿ ಶುರುವಾದ ವಿಶ್ವ ತರಕಾರಿ ಕೇಂದ್ರ ಆ ದಶಕದಲ್ಲೇ 4,000ಕ್ಕೂ ಹೆಚ್ಚು ಟೊಮೆಟೊ ಮಾದರಿಗಳನ್ನು ಪರೀಕ್ಷೆ ಮಾಡಿತು. ಸೆಕೆಯನ್ನು ಚೆನ್ನಾಗಿ ತಾಳಿದ್ದು ನೂರಕ್ಕೆ ಒಂದೂ ಇರಲಿಲ್ಲ. ಹಾಗೆ ತಾಳುವ ಗಿಡಗಳಲ್ಲಿ ಹಣ್ಣು ಸಣ್ಣ, ಮಾರುಕಟ್ಟೆಗೆ ಬೇಕಾದ ಗಾತ್ರ ಇರುವುದಿಲ್ಲ. ಎರಡನ್ನೂ ಒಂದೇ ಗಿಡಕ್ಕೆ ತರಲು ವಿಜ್ಞಾನಿಗಳು ವರ್ಷಗಟ್ಟಲೆ ಹೆಣಗಬೇಕಾಗುತ್ತದೆ. ನಮ್ಮ ದೇಶದಲ್ಲಿ ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಸದಾಬಹಾರ್ ಸೆಕೆ ಚಳಿ ಎರಡಕ್ಕೂ ಅಂತ ಬಂದ ತಳಿ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಡಾ. ಎ.ಟಿ. ಸದಾಶಿವ ಅವರು ತಂದ ಅರ್ಕಾ ರಕ್ಷಕ್ ಎಲೆ ಮುಟುರು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುತ್ತದೆ. ಅದ್ಭುತ ಕೆಲಸ. ಆದರೆ ರೋಗ ತಡೆಯುವ ತಳಿ ಅಂದರೆ ಬಿಸಿಲು ತಡೆಯುವ ತಳಿ ಅಂತ ಅರ್ಥ ಅಲ್ಲ. ಅಂಗಡಿಯಲ್ಲಿ ಎರಡನ್ನೂ ಕಲಸಿ ಹೇಳುತ್ತಾರೆ, ನೀವು ಬಿಡಿಸಿ ಕೇಳಿ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ, ಗೋಕಾಕದ ಹತ್ತಿರದ ಅರಭಾವಿಯಲ್ಲಿ ಅದರ ಕಾಲೇಜಿದೆ. ಬೀಜ ಕೊಳ್ಳುವ ಮೊದಲು ಒಂದು ಸಲ ಅಲ್ಲಿಗೆ ಹೋಗಿ ಕೇಳಿದರೆ ಬಸ್ ಚಾರ್ಜಿಗಿಂತ ಜಾಸ್ತಿಯೇ ಉಳಿಯುತ್ತದೆ.

ನನ್ನ ಮಟ್ಟಿಗೆ ತಳಿಗಿಂತ ದೊಡ್ಡದು ತಾರೀಖು. ಅಗಿ ಹಚ್ಚಿದ ಸುಮಾರು ಒಂದು ತಿಂಗಳಿಗೆ ಹೂ ಶುರು. ನೀವು ಫೆಬ್ರವರಿ ಕೊನೆಗೆ ಹಚ್ಚಿದರೆ ಮೊಗ್ಗು ಬೆಳೆಯುವುದೆಲ್ಲ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ, ಸರಿಯಾಗಿ ಬೆಂಕಿಯ ಬಾಯಿಗೆ. ಅದೇ ಡಿಸೆಂಬರ್‌ನಲ್ಲೋ ಜನವರಿ ಮೊದಲ ವಾರದಲ್ಲೋ ಹಚ್ಚಿದ್ದರೆ ಮೊದಲ ನಾಲ್ಕೈದು ಗೊಂಚಲು ಮಾರ್ಚ್ ಮಧ್ಯದೊಳಗೆ ಕಾಯಿ ಕಟ್ಟಿಬಿಡುತ್ತವೆ. ಕಟ್ಟಿದ ಕಾಯಿ ಬಿಸಿಲಲ್ಲೂ ದಪ್ಪವಾಗುತ್ತದೆ, ಬಣ್ಣ ಮಾತ್ರ ಸ್ವಲ್ಪ ಕಿತ್ತಳೆಗೆ ತಿರುಗೀತು, ಯಾಕೆಂದರೆ ಆ ಕೆಂಪು ಬಣ್ಣವೂ 30 ಡಿಗ್ರಿ ದಾಟಿದ ಮೇಲೆ ಸರಿಯಾಗಿ ಕೂರುವುದಿಲ್ಲ. ಮೇ ತಿಂಗಳ ರೇಟು ಬೇಕು ಅಂತ ತಡವಾಗಿ ಹಚ್ಚುವ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಆ ರೇಟು ಅಷ್ಟು ಇರುವುದೇ ಆಗ ಹೆಚ್ಚಿನವರ ಹೊಲದಲ್ಲಿ ಕಾಯಿ ಹಿಡಿಯುವುದಿಲ್ಲ ಅಂತ.

ಇನ್ನು ಹೊಲದೊಳಗಿನ ಕೆಲಸ. ಪಡುವಣ ದಿಕ್ಕಿಗೆ ಎರಡು ಮೂರು ಸಾಲು ಗೋವಿನಜೋಳವನ್ನು ಮೊದಲೇ ಬಿತ್ತಿ. ಬಿಸಿಗಾಳಿ ಒಡೆಯುತ್ತದೆ, ರೋಗ ತರುವ ಬಿಳಿ ನೊಣವನ್ನೂ ಸ್ವಲ್ಪ ತಡೆಯುತ್ತದೆ. ಬುಡಕ್ಕೆ ಕಬ್ಬಿನ ರವದಿ ಹೊದಿಸಿ, ಸುಡಬೇಡಿ ಮಾರಾಯ್ರೆ, ಅದು ಚಿನ್ನ. ಡ್ರಿಪ್ ಇದ್ದರೆ ಮೂರು ದಿನಕ್ಕೊಮ್ಮೆ ಗಂಟೆಗಟ್ಟಲೆ ಬಿಡುವ ಬದಲು ದಿನಾ ಸ್ವಲ್ಪ ಸ್ವಲ್ಪ ಕೊಡಿ. ನೀರು ಸಿಕ್ಕ ಎಲೆ ಬೆವರಿ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ, ಬಾಯಾರಿದ ಎಲೆ ಬೆವರುವುದನ್ನು ನಿಲ್ಲಿಸಿ ಬಿಸಿಯಾಗುತ್ತದೆ. ಶೇಡ್ ನೆಟ್ ಹಾಕುವ ಶಕ್ತಿ ಇದ್ದವರು 35ರಿಂದ 50 ಪರ್ಸೆಂಟ್‌ನದು ಹಾಕಿ, ಅದಕ್ಕಿಂತ ದಟ್ಟವಾದರೆ ಗಿಡ ಬರೀ ಉದ್ದ ಬೆಳೆಯುತ್ತದೆ. ಯೂರಿಯಾ ಸುರಿಯಬೇಡಿ, ಜಾಸ್ತಿಯಾದರೆ ಗಿಡ ಬರೀ ಎಲೆಗೆ ಹೋಗುತ್ತದೆ. ನಿಮ್ಮ ಗಿಡ ಹಸಿರಾಗಿ ಭಾಳ ಚಲೋ ಅದ ಅಂದಿರಲ್ಲ, ಅದೇ ನನಗೆ ಅನುಮಾನ. ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಗಿಡ ಕಟ್ಟಿದ ತಂತಿಯನ್ನು ಕೋಲಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಇರುವ ಅಲ್ಪ ಸ್ವಲ್ಪ ಜೀವಂತ ಪರಾಗವಾದರೂ ಜಾಗ ಸೇರಲಿ.

ಈಗ ನಿಂತಿರುವ ಬೆಳೆಯನ್ನು ಕಿತ್ತು ಹಾಕಬೇಡಿ. ಎಲೆ ಮುಟುರು ಬಂದ ಗಿಡ ಮಾತ್ರ ಕಿತ್ತು ಹೂಳಿ. ಉಳಿದವನ್ನು ನೀರು ಕೊಟ್ಟು ಉಳಿಸಿಕೊಳ್ಳಿ, ಹೂವಿಗೆ ಅಂತ ಇನ್ನು ಖರ್ಚು ಮಾಡಬೇಡಿ. ರೋಹಿಣಿ ಮಳೆ ಬಿದ್ದು ರಾತ್ರಿ ತಂಪಾದ ದಿನ, ಸಣ್ಣ ಮೊಗ್ಗಿರುವ ಹತ್ತು ಗೊಂಚಲಿಗೆ ಕೆಂಪು ದಾರ ಕಟ್ಟಿ ತಾರೀಖು ಬರೆದಿಡಿ. ಮರುದಿನವೇ ಕಾಯಿ ಹಿಡಿಯುವುದಿಲ್ಲ. ಆಗ ಅರಳುವ ಹೂಗಳು ಹಳೆಯ ಸೆಕೆಯಲ್ಲಿ ಬೆಳೆದವು, ಅವು ಇನ್ನೂ ಒಂದು ವಾರ ಉದುರುತ್ತಲೇ ಇರುತ್ತವೆ. ಆ ವಾರದಲ್ಲೇ ಎಷ್ಟೋ ಜನ ಧೈರ್ಯ ಕಳೆದುಕೊಂಡು ಮತ್ತೊಂದು ಔಷಧ ತರುತ್ತಾರೆ, ನಂತರ ತಾನಾಗಿ ಹಿಡಿದ ಕಾಯಿಯ ಹೆಸರು ಆ ಬಾಟ್ಲಿಗೆ ಹೋಗುತ್ತದೆ. ನೀವು ಏನೂ ಹೊಡೆಯದೆ ಹತ್ತು ಹದಿನೈದು ದಿನ ಕಾದು ನೋಡಿ. ದಾರ ಕಟ್ಟಿದ ಗೊಂಚಲಲ್ಲಿ ಕಾಯಿ ಕಂಡರೆ ಒಂದು ಫೋಟೊ ಕಳಿಸಿ.